ಪಟ್ಟಿಯ ಮೇಲೆ ಪೆನ್ಸಿಲ್ ಗೆರೆ

ಫೆಬ್ರವರಿ ೪, ಮಂಗಳವಾರ

ಇವಳನ್ನು ಮಗಳ ಊರಿಗೆ ಬಸ್ಸು ಹತ್ತಿಸಿದೆ. ಹತ್ತಿಸಿದೆ ಅನ್ನುವುದು ಬಾಯಿಮಾತು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ, ಓಣಿಯ ಬಾಯಲ್ಲಿ ಆಟೋದವನು ಚೀಲ ಎತ್ತಿಟ್ಟ, ಇವಳು ಹತ್ತಿ ಕೂತಳು, ಅಷ್ಟೇ. ಮಗಳಿಗೆ ಏಳು ತಿಂಗಳು. ಹಾಸಿಗೆ ಬಿಟ್ಟು ಏಳಲೇಬಾರದು ಎಂದು ಅಲ್ಲಿನ ಡಾಕ್ಟರು ಕಟ್ಟುನಿಟ್ಟು ಮಾಡಿದ್ದಾರಂತೆ. ಹೆರಿಗೆಯಾಗಿ ತಾಯಿ ಮಗು ಇಬ್ಬರೂ ಗಟ್ಟಿಯಾಗುವ ತನಕ ಇವಳು ಅಲ್ಲೇ.

"ನಿಮ್ಮ ಕಾಲು?" ಎಂದಳು ಆಟೋದೊಳಗಿಂದ.

"ಕಾಲು ನನ್ನ ಜೊತೆಗೇ ಇರುತ್ತೆ ಕಣೇ, ಎಲ್ಲಿಗೆ ಹೋಗುತ್ತೆ?"

ನಗಲಿಲ್ಲ. ತಿರುವು ಬರುವ ತನಕ ತಲೆ ಹೊರಗೆ ಹಾಕಿ ನೋಡುತ್ತಲೇ ಇದ್ದಳು.

ಗಾರೆ ಕೆಲಸಕ್ಕೆ ಹೋಗುತ್ತಿದ್ದಾಗ ಸಂಜೆ ಸಂಜೆ ಎಷ್ಟು ಗೋಡೆ ಎದ್ದಿತು, ಎಷ್ಟು ಮೂಟೆ ಸಿಮೆಂಟು ಹೋಯಿತು ಎಂದು ಬರೆದಿಡುವುದು ನನ್ನ ಚಾಳಿ. ಈಗ ಗೋಡೆಯಿಲ್ಲ, ಕಾಲಿದೆ. ಅದನ್ನೇ ಬರೆದರಾಯಿತು. ಬಲಗಾಲು, ಅಂಗಾಲು, ಹೆಬ್ಬೆರಳ ಬುಡ. ಮಳೆ ಮುಗಿಯುವ ಹೊತ್ತಿಗೆ ಶೂ ಒಳಗೆ ಒಂದು ಜಲ್ಲಿ ಚೂರು ಸೇರಿಕೊಂಡಿತ್ತು. ಇಡೀ ದಿನ ಅದರ ಮೇಲೆ ನಡೆದಿದ್ದೇನೆ, ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆ ಕಾಲಿನ ನೋವನ್ನು ಯಾವಾಗಲೋ ಕದ್ದುಕೊಂಡು ಹೋಗಿತ್ತು. ಗಾಯ ಅವತ್ತಿನಿಂದ ಬಾಯಿ ಮುಚ್ಚಿಲ್ಲ. ಅದು ಹೇಗಿದೆಯೋ ನನಗೆ ಕಾಣುವುದಿಲ್ಲ. ಮಧ್ಯೆ ಹೊಟ್ಟೆ ಅಡ್ಡ, ಮಂಡಿ ಬಗ್ಗದು. ಇಷ್ಟು ದಿನ ಇವಳು ನೋಡಿ ಹೇಳುತ್ತಿದ್ದಳು.

ಅನ್ನ ಹೆಚ್ಚಾಯಿತು. ಇಬ್ಬರಿಗೆ ಹಾಕಿಬಿಟ್ಟಿದ್ದೆ.

ಫೆಬ್ರವರಿ ೮, ಶನಿವಾರ

ಟೀ ಅಂಗಡಿಗೆ ಹೋಗಿದ್ದೆ. ಬೆಂಚಿನ ಮೇಲೆ ಪಕ್ಕದಲ್ಲಿ ಕ್ಷೌರದವನಿದ್ದ. ಪೇಪರನ್ನು ಕಣ್ಣಿಗಿಂತ ಮೂಗಿಗೆ ಹತ್ತಿರ ಹಿಡಿದಿದ್ದ. ಸ್ವಲ್ಪ ಹೊತ್ತಿಗೆ ಎದ್ದು ನಿಂತು ಓದತೊಡಗಿದ.

"ಎಲ್ಲೋ ಇಲಿ ಸತ್ತಿದೆ ಕಣ್ರೀ," ಎಂದು ಟೀ ಅಂಗಡಿಯವನು ಪೊರಕೆ ತಂದು ಬೆಂಚಿನ ಕೆಳಗೆ ಕೆದಕಿದ. "ಬೆಳಿಗ್ಗೆಯಿಂದ ಇರಲಿಲ್ಲ, ಈಗಷ್ಟೇ ಬಂದಿದೆ ವಾಸನೆ."

ನಾನೂ ಬಗ್ಗಿ ಹುಡುಕಿದ ಹಾಗೆ ಮಾಡಿದೆ. ಮನೆಗೆ ಬಂದು ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿದಾಗ ಗೊತ್ತಾಯಿತು, ಇಲಿ ನನ್ನ ಅಂಗಾಲಿನಲ್ಲಿತ್ತು.

ಇನ್ನು ಟೀ ಮನೆಯಲ್ಲೇ ಕಾಯಿಸಿಕೊಂಡರಾಯಿತು. ಅಂಗಡಿಯವನ ಟೀ ಈಚೆಗೆ ನೀರಾಗಿದೆ ಬೇರೆ.

ಫೆಬ್ರವರಿ ೯, ಭಾನುವಾರ

ಒಣಗಲಿ ಎಂದು ಪುಡಿ ತುಂಬಿ, ಕಾಲನ್ನು ಸ್ಟೂಲಿನ ಮೇಲಿಟ್ಟು ಫ್ಯಾನು ತಿರುಗಿಸಿದೆ. ಮಧ್ಯಾಹ್ನ ಕಿಟಕಿಯ ಬಿಸಿಲಿಗೆ ಹಿಡಿದೆ. ಹಪ್ಪಳ ಒಣಗಿಸಿದ ಹಾಗೆ ಕಾಲನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಕೂತೆ. ಮಲಗಿದರೆ ಮೇಲೆ ಸೂರಿನಲ್ಲಿ ಕೂದಲೆಳೆಯಷ್ಟು ಸೀಳು ಕಾಣುತ್ತದೆ. ಗಿಲಾವು ಮಾಡಿದವನು ಯಾರೋ ಅವಸರಗೇಡಿ.

ಇವಳ ಫೋನು. "ಒಣಗ್ತಾ ಇದೆ," ಎಂದೆ. ಅದು ಸುಳ್ಳಲ್ಲ.

ಫೆಬ್ರವರಿ ೧೧, ಮಂಗಳವಾರ

ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೋಣೆಗೆ ಹೊಸ ಹುಡುಗಿ ಬಂದಿದ್ದಾಳೆ. ಹುಡುಗಿಯೆಂದರೆ ನನ್ನ ಮಗಳ ವಯಸ್ಸು. ಎಲ್ಲರೂ ಸಿಸ್ಟರ್ ಅನ್ನುತ್ತಾರೆ. ಬಿಚ್ಚಿ ನೋಡಿದವಳು ಮೂಗು ಮುಚ್ಚಲಿಲ್ಲ, ಬೈಯುವುದಕ್ಕೆ ಬಾಯಿ ತೆರೆದಳು.

"ಯಾರು ಹೇಳಿದ್ರು ಪುಡಿ ತುಂಬೋಕೆ? ಫ್ಯಾನ್ ಬೇರೆ ಹಾಕಿದ್ರಾ! ಗಾಯ ಒಣಗಿಸಬಾರದು ಮೇಸ್ತ್ರಿ. ತೇವ ಇರಬೇಕು. ತೇವ ಇದ್ರೆ ಹೊಸ ಚರ್ಮ ಅಂಚಿನಿಂದ ಒಳಗೆ ನಡ್ಕೊಂಡು ಬರುತ್ತೆ. ಒಣಗಿ ಸೀಳಿದ್ರೆ ಅದು ಎಲ್ಲಿ ಕಾಲಿಡಬೇಕು?"

ನನಗೆ ಎದ್ದು ಕೂರುವಷ್ಟು ಖುಷಿಯಾಯಿತು. ಹೊಸ ಗಿಲಾವು ಬಿಸಿಲಿಗೆ ಒಣಗಿದರೆ ಬಿರುಕು ಬಿಡುತ್ತದೆ. ಸ್ಲ್ಯಾಬು ಹಾಕಿದ ಮೇಲೆ ನೀರು ಕಟ್ಟಿ ನಿಲ್ಲಿಸಬೇಕು, ಕಂಬಕ್ಕೆ ಒದ್ದೆ ಗೋಣಿ ಸುತ್ತಬೇಕು. ಇಷ್ಟು ವರ್ಷ ಇದನ್ನೇ ಎಲ್ಲರಿಗೂ ಹೇಳಿದವನು ನನ್ನ ಕಾಲನ್ನು ಬಿಸಿಲಿಗೆ ಹಾಕಿದ್ದೆನಲ್ಲ! ಅವಳು ಮುಂದೆ ಏನೇನೋ ಹೇಳುತ್ತಲೇ ಇದ್ದಳು. ನನ್ನ ತಲೆ ಆಗಲೇ ಸ್ಲ್ಯಾಬಿನ ಮೇಲಿತ್ತು.

ಸತ್ತ ಚರ್ಮ ಕತ್ತರಿಸಿ ತೆಗೆದಳು, ನೋವೇ ಇಲ್ಲ. ಆಮೇಲೆ ಬೂದು ಬಣ್ಣದ ಒಂದು ತುಂಡು ಇಟ್ಟಳು. ಅದರಲ್ಲಿ ಬೆಳ್ಳಿ ಇದೆಯಂತೆ, ಗಾಯದಲ್ಲಿರುವ ಹುಳುಗಳನ್ನು, ಕಣ್ಣಿಗೆ ಕಾಣದ ಹುಳುಗಳನ್ನು, ಬೆಳ್ಳಿ ಕೊಲ್ಲುತ್ತದಂತೆ. ನುಂಗುವುದಕ್ಕೆ ಮಾತ್ರೆಯೂ ಕೊಟ್ಟಿದ್ದಾರೆ. ಶುಕ್ರವಾರ ಬರಬೇಕು, ಅಲ್ಲಿಯವರೆಗೆ ಕಾಲು ನೆಲಕ್ಕೆ ಊರಬಾರದು.

ಫೆಬ್ರವರಿ ೧೩, ಗುರುವಾರ

ಕೆಲಸ ಹದವಾಗಿ ನಡೆದಿದೆ. ನೀರು ಕುದಿಸಿ ಆರಿಸಿ, ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಪಟ್ಟಿಯ ಮೇಲೆ ನಿಧಾನವಾಗಿ ಸುರಿಯುತ್ತೇನೆ. ಹಳೆಯ ಟವೆಲು ನೆನೆಸಿ ಸುತ್ತ ಸುತ್ತಿದ್ದೇನೆ. ಥೇಟ್ ಕಂಬ. ಇಷ್ಟು ದಿನ ಸುಮ್ಮನೆ ಬಿದ್ದುಕೊಂಡಿದ್ದವನಿಗೆ ಕೈಗೊಂದು ಕೆಲಸ ಸಿಕ್ಕಿತು. ನಾಳೆ ಆಸ್ಪತ್ರೆಗೆ ಹೋಗುವುದಿಲ್ಲ. ನೀರುಣಿಸುತ್ತಿರುವಾಗ ನಡುವೆ ಬಿಚ್ಚಿ ನೋಡುವುದು ಯಾವ ಕಸುಬು? ವಾರ ತುಂಬಲಿ.

ಫೆಬ್ರವರಿ ೧೫, ಶನಿವಾರ

ಎದುರು ಮನೆಯ ಪೇಂಟರ್ ಬಾಗಿಲು ಬಡಿದ. ನಮ್ಮಿಬ್ಬರ ಬಾಗಿಲುಗಳ ನಡುವೆ ಒಬ್ಬರು ನಡೆಯುವಷ್ಟು ಓಣಿ, ಆದರೂ ಮಾತು ಬಿಟ್ಟು ವರ್ಷಗಳಾಗಿವೆ. ನಾವಿಬ್ಬರೂ ಕೆಲಸ ಮಾಡಿದ್ದ ಒಂದು ಮನೆಯ ಹಜಾರದಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಅವನು ಗಿಲಾವು ಹಸಿ ಇತ್ತು ಅಂದ, ನಾನು ಬಣ್ಣ ಕಳಪೆ ಅಂದೆ.

"ಏನಯ್ಯಾ ಮೇಸ್ತ್ರಿ, ನಿನ್ನ ಬಾಗಿಲ ಕೆಳಗಿಂದ ನೀರು ಬರ್ತಿದೆ. ಒಳಗೇನು ಸ್ಲ್ಯಾಬ್ ಹಾಕಿದ್ದೀಯಾ?"

"ನನ್ನ ಮನೆ, ನನ್ನ ನೀರು."

"ಓಣಿ ಇಬ್ಬರದೂ ಅಲ್ವಾ? ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ ನೀನು ಬಂದು ಗಾರೆ ಹಾಕ್ತೀಯಾ?"

ಬಾಗಿಲು ಹಾಕಿಕೊಂಡೆ. ನಾಲ್ಕು ದಿನದಲ್ಲಿ ಮನುಷ್ಯರ ಜೊತೆ ಎದುರೆದುರು ಆಡಿದ ಮಾತು ಅದೊಂದೇ. ನೆಲ ಒರೆಸಿದೆ.

ಫೆಬ್ರವರಿ ೧೮, ಮಂಗಳವಾರ

ಸಿಸ್ಟರ್ ಪಟ್ಟಿ ಬಿಚ್ಚಿದವಳು ಕತ್ತರಿ ಕೆಳಗಿಟ್ಟಳು. ಆಮೇಲೆ ಹೋಗಿ ಡಾಕ್ಟರನ್ನು ಕರೆತಂದಳು. ಗಾಯದ ಸುತ್ತ ಅಂಗಾಲೆಲ್ಲ ಬೆಳ್ಳಗೆ ಬೆಂದು ಸುಕ್ಕಾಗಿದೆಯಂತೆ, ಇಡೀ ದಿನ ನೀರಿನಲ್ಲಿ ಬಟ್ಟೆ ಒಗೆದವರ ಬೆರಳಿನ ಹಾಗೆ. ಆ ಮೆತ್ತಗಾದ ಚರ್ಮ ಕಿತ್ತುಕೊಂಡು ಗಾಯ ಹಿಂದಿನದಕ್ಕಿಂತ ದೊಡ್ಡದಾಗಿದೆ. ಡಾಕ್ಟರು ಒಂದು ಕಡ್ಡಿ ಆಡಿಸಿ ನೋಡಿದರು. ಮೂಳೆ ದೂರವಿಲ್ಲವಂತೆ.

"ಒಂದೂವರೆ ತಿಂಗಳು ನೋಡೋಣ," ಎಂದರು. "ಗಾಯ ಹಿಂದಕ್ಕೆ ಸರಿಯದೇ ಇದ್ರೆ ಪಾದದ ಮುಂದಿನ ಅರ್ಧ ತೆಗೀಬೇಕಾಗುತ್ತೆ."

ಲೋಟದ ನೀರಿನ ವಿಷಯ ಹೇಳಿದೆ. ಒದ್ದೆ ಟವೆಲಿನ ವಿಷಯವನ್ನೂ ಹೇಳಿದೆ. ಸಿಸ್ಟರ್ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತೋಳಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು. ಅದು ನಕ್ಕಿದ್ದಕ್ಕೋ ಬೇರೆಯದಕ್ಕೋ ತಿಳಿಯಲಿಲ್ಲ.

"ಗೋಡೆಗೆ ನೀರು ನೀವು ಕೊಡಬೇಕು ಮೇಸ್ತ್ರಿ. ಗಾಯ ತನ್ನ ನೀರು ತಾನೇ ತರುತ್ತೆ. ಹೆಚ್ಚಾದದ್ದನ್ನ ಪಟ್ಟಿ ಕುಡೀಬೇಕು, ಬೇಕಾದಷ್ಟನ್ನ ಬಿಡಬೇಕು. ಅಷ್ಟೇ ಅದರ ಕೆಲಸ. ನಿಮ್ಮ ಕೆಲಸ ಅಂದ್ರೆ ಕಾಲು ಊರದೆ ಕೂರೋದು."

ಬೆಳ್ಳಿಯ ತುಂಡಿನ ಮೇಲೆ ಈ ಸಲ ಸ್ಪಂಜಿನಂಥ ದಪ್ಪ ಪಟ್ಟಿ ಇಟ್ಟಿದ್ದಾಳೆ, ನೀರು ಕುಡಿಯುವುದಕ್ಕೆ. ಸುತ್ತಲ ಚರ್ಮಕ್ಕೆ ಮುಲಾಮು. ಸ್ಪಂಜು ಕುಡಿದು ಕುಡಿದು ತುಂಬಿದರೆ ಹೊರಗೆ ಕಲೆ ಮೂಡುತ್ತದೆ. ಕಲೆ ಪಟ್ಟಿಯ ಅಂಚು ಮುಟ್ಟಿದರೆ ಅವತ್ತೇ ಓಡಿಬರಬೇಕು, ಇಲ್ಲದಿದ್ದರೆ ಚರ್ಮ ಮತ್ತೆ ಬೇಯುತ್ತದೆ.

"ದಿನಾ ಯಾರಾದ್ರೂ ನೋಡಬೇಕು. ಮನೇಲಿ ಯಾರಿದ್ದಾರೆ?"

"ಹೆಂಡ್ತಿ ಇದ್ದಾಳೆ," ಎಂದೆ.

ಫೆಬ್ರವರಿ ೧೯, ಬುಧವಾರ

ಏನಿಲ್ಲ.

ಫೆಬ್ರವರಿ ೨೦, ಗುರುವಾರ

ಗಡ್ಡ ಹೆರೆಯುವ ಕನ್ನಡಿಯನ್ನು ನೆಲಕ್ಕಿಟ್ಟು ಅದರ ಮೇಲೆ ಕಾಲು ಹಿಡಿದೆ. ಒಂದು ಬಿಳಿ ಗುಡ್ಡ ಕಂಡಿತು, ಅದರ ಮೇಲೊಂದು ಮೋಡ. ಮೋಡ ಕಲೆಯೋ, ನನ್ನ ಕಣ್ಣ ಪೊರೆಯೋ, ಕಾಲಿನದೇ ನೆರಳೋ? ಕನ್ನಡಿ ಸರಿಸಿದರೆ ಮೋಡವೂ ಸರಿಯಿತು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆ ಗಿಳಿಯಲ್ಲಿಟ್ಟಿದ್ದ. ಅಲ್ಲಿಗೂ ರಾಜಕುಮಾರ ಹೋಗಿ ನೋಡಿ ಬಂದ. ನನ್ನ ಅಂಗಾಲು ಅದಕ್ಕಿಂತ ದೂರ.

ಇವಳು ಫೋನು ಮಾಡಿದಾಗ ಗಂಟಲು ಕಟ್ಟಿತ್ತು. ಬೆಳಿಗ್ಗೆಯಿಂದ ಮಾತೇ ಆಡಿರಲಿಲ್ಲ.

"ಮಲಗಿದ್ರಾ?"

"ಹೂಂ."

"ಕಾಲು?"

"ಒಣಗ್ತಾ ಇದೆ."

"ನಾನು ಬರ್ಲಾ ಒಂದೆರಡು ದಿನ?"

"ಆ ಹುಡುಗೀನ ಬಿಟ್ಟು ಬರ್ತೀಯಾ? ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ."

ಫೋನು ಇಟ್ಟ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾದ ಹಾಗಿತ್ತು. ಮೇಲಿನ ಮನೆಯವರು ಏನೋ ಬೀಳಿಸಿದರು. ಸ್ಟೀಲಿನದು. ಉರುಳಿ ನಿಲ್ಲುವ ತನಕ ಕೇಳಿಸಿಕೊಂಡೆ.

ಫೆಬ್ರವರಿ ೨೨, ಶನಿವಾರ

ನಿನ್ನೆ ಪಟ್ಟಿ ಬದಲಾಯಿತು. "ನಿಮ್ಮ ಮನೆಯವ್ರು ನೋಡ್ತಿದ್ದಾರಾ?" ಎಂದಳು ಸಿಸ್ಟರ್. ತಲೆಯಾಡಿಸಿದೆ. ಕಲೆ ಅಂಚಿಗೆ ಬಂದು ಒಂದು ದಿನವಾದರೂ ಆಗಿದೆ, ಅವರಿಗೆ ಕಾಣಲಿಲ್ವಾ ಎಂದಳು.

ಇವತ್ತು ಬೆಳಿಗ್ಗೆ ಎದುರು ಬಾಗಿಲಿನ ತನಕ ಹೋಗಿ ವಾಪಸು ಬಂದೆ. ಮಧ್ಯಾಹ್ನ ಇನ್ನೊಮ್ಮೆ. ಅವನ ರೇಡಿಯೋ ಕೇಳುತ್ತಿತ್ತು. ಸಂಜೆ ಊರುಗೋಲಿನಿಂದ ಬಡಿದೇಬಿಟ್ಟೆ.

"ಏನು, ಇವತ್ತು ನೀರು ನನ್ನ ಮನೆಯಿಂದ ಬಂತಾ?" ಎಂದ.

"ಒಂದು ಒದ್ದೆ ಕಲೆ ನೋಡಬೇಕಿತ್ತು."

"ಯಾವ ಗೋಡೇಲಿ?"

ಕಾಲು ತೋರಿಸಿದೆ. ಅವನು ನಗುತ್ತಾನೆ ಎಂದು ಕಾದೆ. ಲುಂಗಿ ಎತ್ತಿ ಕಟ್ಟಿ ಅಲ್ಲೇ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತ.

"ವಾಸನೆ ಬರುತ್ತೆ ಕಣಯ್ಯಾ," ಎಂದೆ ಮೊದಲೇ.

"ನನಗೆಲ್ಲಿಯ ವಾಸನೆ? ಥಿನ್ನರು ಟರ್ಪಂಟೈನು ಕುಡಿದೂ ಕುಡಿದೂ ಮೂಗು ಸತ್ತು ಯಾವ ಕಾಲ ಆಯ್ತು. ಅನ್ನ ಸೀದ್ರೂ ಹೊಗೆ ನೋಡೇ ತಿಳೀಬೇಕು."

ಕಿವಿಯ ಮೇಲಿಂದ ಪೆನ್ಸಿಲು ತೆಗೆದು ಪಟ್ಟಿಯ ಮೇಲೆ ಕಲೆಯ ಸುತ್ತ ಗೆರೆ ಎಳೆದ. ಗೋಡೆಯಲ್ಲಿ ತೇವ ಎಲ್ಲಿಂದ ಬರುತ್ತದೆ, ಎತ್ತ ಹೋಗುತ್ತದೆ ಎಂದು ತಿಳಿಯುವುದಕ್ಕೆ ಅವರು ಹಾಗೆ ಮಾಡುತ್ತಾರೆ. ನಾಳೆ ಕಲೆ ಗೆರೆ ದಾಟಿದ್ದರೆ ಹೇಳುತ್ತಾನಂತೆ.

"ಒಳಗೆ ಬೆಳ್ಳಿ ಇದೆ," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಕಾಲಿಗೆ ಬೆಳ್ಳಿ! ಅತ್ತಿಗೆಗೆ ಒಂದು ಗೆಜ್ಜೆ ಮಾಡಿಸಿಕೊಡದ ಜುಗ್ಗ ನೀನು."

ಮಾರ್ಚ್ ೧, ಶನಿವಾರ

ದಿನಾ ಸಂಜೆ ಬರುತ್ತಾನೆ. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಕೂರುತ್ತಾನೆ. ಆ ಹಜಾರದ ಗುಳ್ಳೆ ಇನ್ನೂ ಮುಗಿದಿಲ್ಲ, ದಿನಾ ಒಂದು ಸುತ್ತು ಜಗಳವಾಗುತ್ತದೆ. ಇವತ್ತು, "ಹಸಿ ಗೋಡೆಗೆ ಬಣ್ಣ ಹೊಡೆಸಿದೋನಿಗೆ ಹಸಿ ಕಾಲೇ ಗತಿ," ಎಂದ. ಊರುಗೋಲು ಎತ್ತಿದೆ. ಓಡಿದ.

ನಿನ್ನೆ ಗೆರೆ ನೋಡಿ ಸಿಸ್ಟರ್, "ಯಾರು ಇಷ್ಟು ಚೆನ್ನಾಗಿ ಬರ್ದಿದ್ದು? ನಿಮ್ಮ ಮನೆಯವ್ರಾ?" ಎಂದಳು. ಮನೆಯವಳು ಊರಿನಲ್ಲಿಲ್ಲ, ಬರೆದವನು ಎದುರು ಮನೆಯ ಪೇಂಟರ್ ಎಂದು ಹೇಳಬೇಕಾಯಿತು. ಆ ಹುಡುಗಿಗೆ ಮೂರನೇ ಸಲ ಸುಳ್ಳು ಹೇಳುವುದಕ್ಕೆ ಆಗಲಿಲ್ಲ. ಕಲೆ ಚಿಕ್ಕದಾಗುತ್ತಿದೆಯಂತೆ. ಬೆಳ್ಳಿ ಇನ್ನು ಬೇಡ, ಬರೀ ಸ್ಪಂಜು ಸಾಕಂತೆ. ವಾಸನೆ ಹೋಗಿದೆಯಾ ಎಂದು ಕೇಳಬೇಕೆಂದುಕೊಂಡು ಕೇಳದೆ ಬಂದೆ. ಪೇಂಟರನನ್ನು ಕೇಳಿ ಫಲವಿಲ್ಲ.

ಮಾರ್ಚ್ ೮, ಶನಿವಾರ

ಎದುರು ಮನೆಗೆ ಬೀಗ. ಊರಾಚೆ ದೊಡ್ಡ ಕಟ್ಟಡಕ್ಕೆ ಬಣ್ಣದ ಕೆಲಸ, ಸೋಮವಾರದ ತನಕ ಅಲ್ಲೇ ಉಳಿಯುತ್ತಾನಂತೆ. ಹೋಗುವಾಗ ಹೇಳಿಯೇ ಹೋಗಿದ್ದಾನೆ. ಹೋಗಲಿ, ಅವನಿಗೂ ಹೊಟ್ಟೆಯಿದೆ.

ಮಾರ್ಚ್ ೯, ಭಾನುವಾರ

ಸಂಜೆಯಾಯಿತು. ಕಾಲು ಸ್ಟೂಲಿನ ಮೇಲಿಟ್ಟು ಬಾಗಿಲು ತೆರೆದೇ ಕೂತಿದ್ದೆ. ಓಣಿಯಲ್ಲಿ ಮೇಲಿನ ಮನೆಯವರು ಹೋದರು, ಹಾಲಿನವನು ಹೋದ, ಒಂದು ಬೆಕ್ಕು ಬಂದು ಒಳಗೆ ನೋಡಿ ತನಗಿಲ್ಲಿ ಕೆಲಸವಿಲ್ಲ ಎಂದು ಹೊರಟುಹೋಯಿತು. ಬಾಗಿಲು ಹಾಕಿದೆ. ಸ್ವಲ್ಪ ಹೊತ್ತಿಗೆ ಸೆಕೆ ಎನಿಸಿ ತೆರೆದೆ. ಅಷ್ಟೇನೂ ಸೆಕೆಯಿರಲಿಲ್ಲ.

ಮಾತ್ರೆ ಮುಗಿದಿದೆ. ಅಂಗಡಿ ನಾಲ್ಕು ಹೆಜ್ಜೆ. ಹೋಗಿ ಬಂದೆ. ಸಕ್ಕರೆಯೂ ತಂದೆ, ನನಗಲ್ಲ, ಅವನಿಗೆ ಟೀಗೆ ಬೇಕಾಗುತ್ತದೆ.

ಮಾರ್ಚ್ ೧೦, ಸೋಮವಾರ

ಪೇಂಟರ್ ಬಂದ. ಬ್ರಷ್ಷಿನ ಡಬ್ಬ ಓಣಿಯಲ್ಲೇ ಇಟ್ಟು ನೇರ ಕಾಲ ಬಳಿ ಕೂತ. ಗೆರೆಯ ಆಚೆ ಬೆರಳಿಟ್ಟು ಅಳೆದ.

"ಗೆರೆ ದಾಟಿ ಎರಡು ಬೆರಳು ಹೋಗಿದೆ. ನಡೆದಿದ್ದೀಯ ನೀನು."

"ಅಂಗಡಿಗೆ ಅಷ್ಟೇ."

"ಅಂಗಡಿ ಎಲ್ಲಿಗೆ ಓಡಿಹೋಗ್ತಿತ್ತು? ಒಂದು ಫೋನು ಮಾಡೋಕೆ ಏನು ರೋಗ?"

"ಯಾರಿಗೆ ಮಾಡ್ಲಿ?"

ಅವನು ನನ್ನ ಮುಖ ನೋಡಿದ. ನನ್ನ ಫೋನು ಕಿತ್ತುಕೊಂಡು ತನ್ನ ನಂಬರು ಹಾಕಿಕೊಟ್ಟ. ಎದುರುಬದುರು ಇದ್ದು ಇಷ್ಟು ವರ್ಷವಾದರೂ ಅವನ ನಂಬರು ನನ್ನ ಹತ್ತಿರ ಇರಲಿಲ್ಲ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ. ಕಾಲನ್ನು ಪಕ್ಕಕ್ಕೆ ಕಟ್ಟಿದ ಬಣ್ಣದ ಡಬ್ಬದ ಮೇಲೆ ಇಡಿಸಿದ್ದ, ದಾರಿಯುದ್ದಕ್ಕೂ ಬೈದ. ಚರ್ಮ ಒಂದು ಕಡೆ ಬೆಂದಿದೆ, ಆದರೆ ಬೇಗ ಬಂದಿರಿ, ಎಂದಳು ಸಿಸ್ಟರ್. ಹಿಮ್ಮಡಿಯ ಮೇಲಷ್ಟೇ ಭಾರ ಬೀಳುವ ಒಂದು ಚಪ್ಪಲಿ ಕೊಟ್ಟಿದ್ದಾರೆ. ಪಾದದ ಮುಂಭಾಗ ಗಾಳಿಯಲ್ಲಿ ತೇಲುತ್ತದೆ. ಒರಟು ಕೆಲಸ, ಆದರೂ ಗಟ್ಟಿಯಾಗಿದೆ.

ಮಾರ್ಚ್ ೨೧, ಶುಕ್ರವಾರ

ಅಂಚಿನಿಂದ ಹೊಸ ಚರ್ಮ ಹೊರಟಿದೆ, ಎಂದಳು ಸಿಸ್ಟರ್. ಮುತ್ತಿನ ಬಣ್ಣದ ದಾರದ ಹಾಗೆ ಸುತ್ತಲೂ ಇದೆಯಂತೆ. ಅವಸರ ಮಾಡಬೇಡಿ, ಅದು ನಡೆಯುವುದೇ ಹಾಗೆ, ಎಂದಳು. ಅವಸರ ಮಾಡುತ್ತಿದ್ದವರು ಯಾರು? ಡಾಕ್ಟರು ಇನ್ನೂ ಏನೂ ಹೇಳುವುದಿಲ್ಲ.

ಬರುವಾಗ ಪೇಂಟರ್ ಟೀ ಅಂಗಡಿಯ ಮುಂದೆ ಸ್ಕೂಟರು ನಿಲ್ಲಿಸಿದ. ನಾನು ಇಳಿಯುವುದಿಲ್ಲ ಎಂದೆ. ಲೋಟ ಸ್ಕೂಟರಿಗೇ ತಂದುಕೊಟ್ಟ. ಕ್ಷೌರದವನು ಬಂದು ಹ್ಯಾಂಡಲಿಗೆ ಒರಗಿ ನಿಂತು, ಸೊಸೆಯ ಮೇಲೆ, ಸರ್ಕಾರದ ಮೇಲೆ, ಮಂಡಿ ನೋವಿನ ಮೇಲೆ ದೂರು ಹೇಳಿದ. ಬಾಯಿ ಹಾಕುವುದಕ್ಕೆ ಸಂದಿಯೇ ಕೊಡಲಿಲ್ಲ. ನನ್ನ ಟೀ ಆರಿಹೋಯಿತು. ಮಾತಿನ ಮಲ್ಲ.

ಏಪ್ರಿಲ್ ೨, ಬುಧವಾರ

ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಇವಳ ದನಿ ಕಿರಿಚಿಕೊಂಡಂತಿತ್ತು, ಫೋನು ದೂರ ಹಿಡಿದು ಕೇಳಿದೆ. ಎದುರು ಮನೆಗೆ ಹೋಗಿ ಹೇಳಿದೆ. "ಮೂಗು ನಿನ್ನದಾಗದೇ ಇದ್ರೆ ಸಾಕು," ಎಂದ.

ಮನೆಗೆ ಬಂದ ಮೇಲೆ ಇನ್ನೂ ಯಾರಿಗಾದರೂ ಹೇಳಬೇಕೆನಿಸಿತು. ಯಾರೂ ಇರಲಿಲ್ಲ. ಬೇಗ ಮಲಗಿದೆ.

ಏಪ್ರಿಲ್ ೮, ಮಂಗಳವಾರ

ಇವತ್ತು ಡಾಕ್ಟರು ನೋಡುವ ದಿನ. ಕಡ್ಡಿ ಆಡಿಸಿದರು, ಅಳತೆ ತೆಗೆದರು, ಹೋದ ಸಲದ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿದರು. ನಾನು ಗೋಡೆ ನೋಡುತ್ತಿದ್ದೆ.

"ಪಾದ ತೆಗೆಯೋ ಮಾತು ಇನ್ನಿಲ್ಲ," ಎಂದರು. "ಕಿರುಬೆರಳಿನ ಉಗುರಿನಷ್ಟು ಉಳ್ಕೊಂಡಿದೆ. ಹೀಗೇ ನೋಡ್ಕೊಳ್ಳಿ."

ಸಿಸ್ಟರ್ ನನ್ನ ಹೆಗಲು ತಟ್ಟಿದಳು. ಏನೋ ಹೇಳಬೇಕೆಂದು ಬಾಯಿ ತೆರೆದೆ, "ಊಟ ಆಯ್ತೇನಮ್ಮಾ?" ಎಂದುಬಿಟ್ಟೆ. ಬೆಳಿಗ್ಗೆ ಹತ್ತು ಗಂಟೆಗೆ! ಜೊತೆಗೆ ಬಂದಿದ್ದ ಪೇಂಟರ್, ಮನೆ ತನಕ ಅದನ್ನೇ ಹೇಳಿಕೊಂಡು ನಕ್ಕ.

ಮಧ್ಯಾಹ್ನ ಇವಳ ಫೋನು ಬಂತು. ಮಗಳು ತಡೆಯುತ್ತಿದ್ದಾಳೆ, ಇನ್ನೂ ಮೂರು ತಿಂಗಳು ಇರಲೇ ಎಂದಳು. ಇರು ಅನ್ನುವುದಕ್ಕೆ ಮುಂಚೆ ಅವಳೇ ಕೇಳಿದಳು, "ಕಾಲು?"

ಹೇಳಿದೆ. ಎಲ್ಲ ಹೇಳಿದೆ. ಟೀ ಅಂಗಡಿಯ ಇಲಿ, ಫ್ಯಾನು, ಲೋಟದ ನೀರು, ಒದ್ದೆ ಟವೆಲು, ಅರ್ಧ ಪಾದ, ಪೇಂಟರ್. ನಡುವೆ ಒಮ್ಮೆ "ಅವನಾ?" ಎಂದಳು.

"ದಿನಾ ದಿನಾ ಒಣಗ್ತಿದೆ, ಒಣಗ್ತಿದೆ ಅಂದ್ರಲ್ಲ ರೀ," ಎಂದಳು ಕೊನೆಗೆ.

"ಒಣಗಬಾರದಂತೆ ಕಣೇ ಅದು."

ನಕ್ಕಳೋ ಅತ್ತಳೋ, ಆ ಶಬ್ದ ಎರಡರ ನಡುವಿನದು. ಆಮೇಲೆ ಕೇಳಿದಳು, "ಈಗ ಹೇಗೆ ಕಾಣುತ್ತೆ?"

"ಪೇಂಟರ್ ಕೆಂಪು ಅಂತಾನೆ, ಸಿಸ್ಟರ್ ಗುಲಾಬಿ ಅಂತಾಳೆ. ನನಗೆ ಕಾಣಲ್ಲ," ಎಂದೆ. "ನೀನು ಬಂದು ನೋಡು."

ಆ ಕಡೆ ಮಗು ಅಳತೊಡಗಿತು. ಇವಳು ಫೋನು ಇಡಲಿಲ್ಲ.